36ರ ಇಂಪ್ಲಾಂಟ್ ಮೂರೇ ತಿಂಗಳಿಗೆ ತಿರುಗುತ್ತಿದೆ: ತೆಗೆದ ದಿನವೇ ದಪ್ಪದ್ದು ಹಾಕಬಹುದಾ?

ಕಲ್ಲುಕೋಟೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಗಂಡಸು, 52 ವರ್ಷ, ಕೆಳಗಿನ ಎಡ ಮೊದಲ ದವಡೆಹಲ್ಲು, ಅಂದರೆ 36. ಇಂಪ್ಲಾಂಟ್ ಹಾಕಿಸಿಕೊಂಡಿದ್ದು ಬೇರೆ ಊರಿನಲ್ಲಿ, ಮುಂದಿನ ಕೆಲಸಕ್ಕೆ ನಮ್ಮಲ್ಲಿಗೆ ಬಂದಿದ್ದಾರೆ. ಕಾರ್ಡ್ ಇದೆ: 4.2 × 11.5 ಮಿ.ಮೀ., ಕೊನೆಯ ಟಾರ್ಕ್ (ತಿರುಗಿಸಿ ಬಿಗಿಸಿದ ಬಲ) 55 ನ್ಯೂಟನ್ ಸೆಂ.ಮೀ., ಕವರ್ ಸ್ಕ್ರೂ ಹಾಕಿ ವಸಡಿನೊಳಗೆ ಮುಚ್ಚಿದ್ದಾರೆ. ರೂಟ್ ಕೆನಾಲ್ ಕೆಟ್ಟು ಬೇರಿನ ತುದಿಯಲ್ಲಿ ಬಾವು ಬಂದಿದ್ದರಿಂದ ಹಲ್ಲು ಕೀಳಿಸಿದ್ದು, ಅದಾಗಿ ಐದು ತಿಂಗಳಿಗೆ ಇಂಪ್ಲಾಂಟ್.

ಹಾಕಿದ ಮೂರನೇ ವಾರದಿಂದಲೇ ಮಂದ ನೋವು ಇತ್ತಂತೆ. ಈಗ 14 ವಾರ. ಹೀಲಿಂಗ್ ಅಬಟ್‌ಮೆಂಟ್ ಹಾಕೋಣವೆಂದು ತೆರೆದಾಗ ಕವರ್ ಸ್ಕ್ರೂ ಜೊತೆ ಇಡೀ ಫಿಕ್ಸ್‌ಚರ್ (ಮೂಳೆಯೊಳಗಿನ ಇಂಪ್ಲಾಂಟ್ ಸ್ಕ್ರೂ) ತಿರುಗಿತು, ನೋವೂ ಬಂತು. ಆರ್‌ವಿಜಿಯಲ್ಲಿ (ಹಲ್ಲಿನ ಡಿಜಿಟಲ್ ಎಕ್ಸ್‌ರೇ) ಸುತ್ತಲೂ ಕೂದಲೆಳೆಯಷ್ಟು ಕಪ್ಪು ಗೆರೆ. ಕೀವಿಲ್ಲ, ಊತವಿಲ್ಲ, ತುಟಿ ಜೋಮು ಇಲ್ಲ. ಹಳೆಯ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಪ್ರಕಾರ ಮೂಳೆಯ ಅಗಲ 8 ಮಿ.ಮೀ., ಮೇಲಿನ ಅಂಚಿನಿಂದ ನರದ ಕಾಲುವೆಗೆ 14 ಮಿ.ಮೀ.

ಶುಗರ್ ಇದೆ. ಆಗ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 7.2, ಈಗ 8.4. ದಿನಕ್ಕೆ ಆರೆಂಟು ಬೀಡಿ. ಮುಂದಿನ ಹಲ್ಲು 35 ಗಟ್ಟಿಯಾಗಿದೆ. ಹಿಂದಿನ ಹಲ್ಲು 37ಕ್ಕೆ ಹಳೆಯ ರೂಟ್ ಕೆನಾಲ್, ಮೇಲೆ ಸಿಲ್ವರ್ ಫಿಲ್ಲಿಂಗ್, ಕ್ಯಾಪ್ ಇಲ್ಲ.

ತೆಗೆದ ಕೂಡಲೇ 5 ಮಿ.ಮೀ. ದಪ್ಪದ್ದು ಹಾಕಿಬಿಟ್ಟರೆ ಆಗುತ್ತದಾ? ಇಲ್ಲವಾದರೆ ಗ್ರಾಫ್ಟ್ (ಗುಂಡಿಗೆ ತುಂಬುವ ಮೂಳೆಪುಡಿ) ಹಾಕಬೇಕಾ, ಎಷ್ಟು ದಿನ ಕಾಯಬೇಕು? ರೋಗಿಯ ಮನೆಯವರು "ಬ್ರಿಜ್ ಮಾಡಿ ಮುಗಿಸಿಬಿಡಿ ಡಾಕ್ಟ್ರೇ" ಅಂತಿದ್ದಾರೆ, ಅಂದರೆ 35 ಮತ್ತು 37ರ ಆಸರೆಯಲ್ಲಿ ಕೂರುವ ಹಲ್ಲು. ಅದಕ್ಕೂ ಅಭಿಪ್ರಾಯ ಬೇಕು.

ಚಿಮಟ

ಕಪ್ಪು ಗೆರೆಯಿಲ್ಲದೆ, ಮೇಲೆ ಕೆಳಗೆ ಅಲುಗದೆ, ಬರೀ ತಿರುಗುವ ಕೇಸುಗಳಲ್ಲಿ ಮತ್ತೆ ಮುಚ್ಚಿ ಎರಡು ಮೂರು ತಿಂಗಳು ಬಿಟ್ಟು ನೋಡುವುದುಂಟು, ಕೆಲವು ಕೂತುಕೊಳ್ಳುತ್ತವೆ. ನಿಮ್ಮ ಕೇಸಿನಲ್ಲಿ ಸುತ್ತ ಗೆರೆ ಇದೆ, ಮೂರನೇ ವಾರದಿಂದ ನೋವಿದೆ. ಮೂಳೆಗೂ ಟೈಟಾನಿಯಂಗೂ ನಡುವೆ ನಾರಿನ ಪದರ ಬೆಳೆದಾಗಿದೆ. ಅದನ್ನು ಕರಗಿಸುವ ಔಷಧಿಯೂ ಇಲ್ಲ, ಲೇಸರ್ರೂ ಇಲ್ಲ. ತೆಗೆಯಿರಿ, ತಡ ಮಾಡಿದಷ್ಟೂ ಕೆನ್ನೆ ಕಡೆಯ ಗೋಡೆ ಕರಗುತ್ತದೆ.

ಅದೇ ದಿನ ದಪ್ಪದ್ದು ಹಾಕುವ ವಿಚಾರ. ನಿಮ್ಮದೇ ಅಂಕಿಗಳನ್ನು ತಗೊಳ್ಳಿ. 4.2ರ ಫಿಕ್ಸ್‌ಚರ್ ತೆಗೆದು ನಾರನ್ನೆಲ್ಲ ಕೆರೆದ ಮೇಲೆ ಗುಂಡಿ 5 ಮಿ.ಮೀ. ದಾಟಿರುತ್ತದೆ. 5ರದ್ದು ಗೋಡೆ ಹಿಡಿಯುವುದಿಲ್ಲ. 6ರದ್ದು ಹಿಡಿಯಬಹುದು, ಆದರೆ 8 ಮಿ.ಮೀ. ಅಗಲದಲ್ಲಿ ಎರಡೂ ಕಡೆ ಬರೀ ಒಂದೊಂದು ಮಿ.ಮೀ. ಉಳಿಯುತ್ತದೆ, ನಮಗೆ ಕೆನ್ನೆ ಕಡೆ ಕನಿಷ್ಠ ಒಂದೂವರೆಯಾದರೂ ಬೇಕು. ಕೆಳಗೆ ಹಿಡಿತ ಹುಡುಕೋಣವೆಂದರೆ 14ರಲ್ಲಿ 11.5 ಹೋಗಿ ಎರಡೂವರೆ ಉಳಿಯಿತು, ನರಕ್ಕೆ 2 ಮಿ.ಮೀ. ಬಿಡಲೇಬೇಕು. ಅಲ್ಲಿಗೆ ಸಿಕ್ಕಿದ್ದು ಅರ್ಧ ಮಿ.ಮೀ. ಡ್ರಿಲ್ಲಿನ ಚೂಪು ತುದಿ ಗುರುತಿನ ಗೆರೆಗಿಂತ ಸುಮಾರು ಒಂದು ಮಿ.ಮೀ.ವರೆಗೆ ಮುಂದಿರುತ್ತದೆ ಎಂಬುದನ್ನೂ ಸೇರಿಸಿದರೆ ಆ ಅರ್ಧವೂ ಇಲ್ಲ. ತೆಗೆದ ದಿನವೇ ಹಾಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾಲ್ಕೂ ಗೋಡೆ ಇದ್ದು, ಸೋಂಕಿಲ್ಲದೆ, ತುದಿಯಲ್ಲಿ ಮೂರು ನಾಲ್ಕು ಮಿ.ಮೀ. ಹೊಸ ಮೂಳೆ ಸಿಕ್ಕರೆ ಹಾಕಬಹುದು. ಈ ದವಡೆಯಲ್ಲಿ ಆ ಜಾಗವಿಲ್ಲ. ಜೊತೆಗೆ 8.4 ಶುಗರ್, ಬೀಡಿ, ಇನ್ನೂ ಗೊತ್ತಾಗದ ಕಾರಣ.

ತೆಗೆಯುವುದು ಹೀಗೆ. ಎರಡು ಪರ್ಸೆಂಟ್ ಲಿಗ್ನೊಕೇನ್, 1:80,000 ಅಡ್ರಿನಲಿನ್ ಇರುವುದು, ಕೆನ್ನೆ ಕಡೆಗೂ ನಾಲಿಗೆ ಕಡೆಗೂ ಇನ್‌ಫಿಲ್ಟ್ರೇಷನ್ (ಆ ಜಾಗದಲ್ಲೇ ಚುಚ್ಚುವುದು) ಸಾಕು. ಅಲುಗುತ್ತಿರುವುದಕ್ಕೆ ಸಾಮಾನ್ಯವಾಗಿ ಇಡೀ ನರ ಜೋಮು ಹಿಡಿಸುವ ಬ್ಲಾಕ್ ಬೇಕಾಗುವುದಿಲ್ಲ. ಕಾರ್ಡಿನಲ್ಲಿರುವ ಕಂಪನಿಯ ಹೆಕ್ಸ್ ಡ್ರೈವರನ್ನೇ ತರಿಸಿ, ಹತ್ತಿರದ ಅಳತೆಯದ್ದು ತುರುಕಿದರೆ ಒಳಗಿನ ಹೆಕ್ಸ್ ಉರುಟಾಗಿ ಆಮೇಲೆ ಹಿಡಿಯಲು ಏನೂ ಸಿಗುವುದಿಲ್ಲ. ಡ್ರೈವರಿಗೆ ಫ್ಲಾಸ್ ದಾರ ಕಟ್ಟಿ, ಗಂಟಲಿಗೆ ಅಡ್ಡ ಗಾಜ್ ಇಡಿ. ಕವರ್ ಸ್ಕ್ರೂ ತೆಗೆದು ಇಂಪ್ಲಾಂಟ್ ಡ್ರೈವರ್ ಕೂರಿಸಿ ರ‍್ಯಾಚೆಟ್ಟನ್ನು ಎಡಕ್ಕೆ ತಿರುಗಿಸಿದರೆ ಇಂಥದ್ದು ಕೈಯಲ್ಲೇ ಬರುತ್ತದೆ. ಟ್ರಿಫೈನ್ (ಕೊಳವೆಯಾಕಾರದ ಡ್ರಿಲ್), ಪಿಯೆಜೊ (ಕಂಪನದಿಂದ ಮೂಳೆ ಕತ್ತರಿಸುವ ಉಪಕರಣ), ಹಿಮ್ಮುಖ ಸ್ಕ್ರೂ ಕಿಟ್ ಇವೆಲ್ಲ ಮೂಳೆಗೆ ಬಿಗಿಯಾಗಿ ಕೂತು ಮುರಿದ ಅಥವಾ ಕೆಟ್ಟ ಇಂಪ್ಲಾಂಟಿಗೆ, ಇದಕ್ಕಲ್ಲ.

ಬಂದ ಮೇಲೆ ನಿಜವಾದ ಕೆಲಸ ಶುರು. ಚೂಪಾದ ಕ್ಯೂರೆಟ್ ತಗೊಂಡು ಗೋಡೆ ಕರಕರ ಅನ್ನುವವರೆಗೆ ಕೆರೆಯಿರಿ, ನಾರಿನ ಚೂರು ಉಳಿದರೆ ಅಲ್ಲಿ ಮೂಳೆ ತುಂಬುವುದಿಲ್ಲ. ಸಲೈನ್ ಬಿಟ್ಟು ತೊಳೆಯಿರಿ. ಪೆರಿಯೋ ಪ್ರೋಬ್ ಇಳಿಸಿ ನಾಲ್ಕೂ ಗೋಡೆಯ ಎತ್ತರ ಅಳೆದು ಬರೆದಿಡಿ, ಮುಂದಿನ ತೀರ್ಮಾನಕ್ಕೆ ಅದೇ ಆಧಾರ. ರಕ್ತ ತುಂಬಿ ನಿಲ್ಲಲಿ, 4-0 ವಿಕ್ರಿಲ್‌ನಲ್ಲಿ ಎಂಟರ ಆಕಾರದ ಹೊಲಿಗೆ, ಏಳರಿಂದ ಹತ್ತು ದಿನಕ್ಕೆ ಬಿಚ್ಚಿ. ಬಂದ ಅಂಗಾಂಶ ಮಾಮೂಲಿಯಂತೆ ಕಾಣದಿದ್ದರೆ ಬಯಾಪ್ಸಿಗೆ ಕಳಿಸಿ. ಆ್ಯಂಟಿಬಯೋಟಿಕ್ ಎಲ್ಲರಿಗೂ ಬೇಡ, ಇವರ ಶುಗರ್ ನೋಡಿದರೆ ಅಮಾಕ್ಸಿಸಿಲಿನ್ 500 ದಿನಕ್ಕೆ ಮೂರು ಹೊತ್ತು ಐದು ದಿನ ಕೊಟ್ಟರೆ ಆಕ್ಷೇಪವಿಲ್ಲ.

ಇನ್ನು ಕಾರಣ. 55 ನ್ಯೂಟನ್ ಅಂದರೆ ಕೆಳದವಡೆಯ ಗಟ್ಟಿ ಮೂಳೆಯಲ್ಲಿ ಹಿಂಡಿದ ಹಾಗೆ. ಹಿಂಡಿಸಿಕೊಂಡ ಮೂಳೆಗೆ ರಕ್ತ ಹರಿಯದೆ ಸಾಯುತ್ತದೆ, ಹಾಕಿದ ದಿನ ಬಂಡೆಯಂತೆ ಕೂತದ್ದು ಮೂರನೇ ವಾರಕ್ಕೆ ಸಡಿಲವಾಗುತ್ತದೆ. ಬಿಸಿಯೂ ಅಷ್ಟೇ: 47 ಡಿಗ್ರಿ ಒಂದು ನಿಮಿಷ ತಾಗಿದರೆ ಮೂಳೆ ತಡೆಯುವುದಿಲ್ಲ. ಮೊಂಡು ಡ್ರಿಲ್, ಒಂದೇ ಸಮನೆ ಒತ್ತುವುದು, ಡ್ರಿಲ್ಲಿಗೆ ದಾರಿ ತೋರುವ ಗೈಡಿನ ಕೊಳವೆಯೊಳಗೆ ಸಲೈನ್ ಇಳಿಯದಿರುವುದು, ಮೂರರಲ್ಲಿ ಒಂದಿದ್ದರೂ ಸಾಕು. ನೋವು ಶುರುವಾದ ಸಮಯ ನನ್ನ ಅನುಮಾನವನ್ನು ಇದರ ಕಡೆಗೇ ಎಳೆಯುತ್ತದೆ.

ಬೇರುಸಹಿತ

ಚಿಮಟ ಸರ್ ಟಾರ್ಕ್ ಕಡೆ ನೋಡುತ್ತಿದ್ದಾರೆ, ನಾನು ಪಕ್ಕದ ಮನೆ ನೋಡುತ್ತೇನೆ. 37ಕ್ಕೆ ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದೆ ಎಷ್ಟು ವರ್ಷವಾಯಿತು? ಸಿಲ್ವರ್ ಫಿಲ್ಲಿಂಗಿನ ಅಂಚಿನಿಂದ ಜೊಲ್ಲು ಒಳಗಿಳಿದರೆ ಬೇರಿನ ಕಾಲುವೆಗೆ ತುಂಬಿದ ಗಟ್ಟಾಪರ್ಚಾ ಅದನ್ನು ತಡೆಯುವುದಿಲ್ಲ. ಮುಂಭಾಗದ ಬೇರಿನ ತುದಿಯಲ್ಲಿ ಸೋಂಕಿದ್ದು ಅದು ಇಂಪ್ಲಾಂಟಿನ ತುದಿಗೆ ಹತ್ತಿರವಿದ್ದರೆ ಎರಡೂ ಒಂದಾಗುತ್ತವೆ. 36ರ ಹಳೆಯ ಬಾವು ಪೂರ್ತಿ ಕೆರೆದಿರಲಿಲ್ಲವೇನೋ ಎಂಬುದೂ ಇದೇ ಸಾಲಿನ ಅನುಮಾನ.

ಕಲ್ಲುಕೋಟೆಯವರೇ, ಎರಡು ಕೋನದಿಂದ ಆರ್‌ವಿಜಿ ತೆಗೆಯಿರಿ, ಹಳೆಯ ಸಿಬಿಸಿಟಿ ಫೈಲು ಸಿಕ್ಕರೆ 37ರ ತುದಿಯನ್ನು ಅಡ್ಡಸೀಳಿನಲ್ಲಿ ನೋಡಿ. 35ಕ್ಕೆ ಕೋಲ್ಡ್ ಟೆಸ್ಟ್ ಮಾಡಿ, ಹೊರಗಡೆ ಗಟ್ಟಿ ಇರುವ ಹಲ್ಲಿನ ನರ ಡ್ರಿಲ್ಲಿಂಗ್‌ನಲ್ಲಿ ಸತ್ತಿರಬಹುದು. 37ರ ಸುತ್ತ ಪ್ರೋಬ್ ಇಳಿಸುವಾಗ ಒಂದೇ ಕಡೆ ಕಿರಿದಾಗಿ ಆಳಕ್ಕೆ ಇಳಿದರೆ ಬೇರು ಸೀಳಿದೆ ಎಂದೇ ಎಣಿಸಿ.

ಕಲ್ಲುಕೋಟೆ

ನೋಡಿದೆ. 37ರ ಮುಂಭಾಗದ ಬೇರಿನ ತುದಿಯಲ್ಲಿ ಸುಮಾರು 4 ಮಿ.ಮೀ. ಕಪ್ಪು ಕಲೆ. ಹಳೆಯ ಸಿಬಿಸಿಟಿಯಲ್ಲೂ ಇತ್ತು, ಆಗ ಚಿಕ್ಕದು. ಪ್ರೋಬ್ ಎಲ್ಲ ಕಡೆ 3 ಮಿ.ಮೀ. ಒಳಗೇ. 35 ತಣ್ಣಗಿಗೆ ಸರಿಯಾಗಿ ಸ್ಪಂದಿಸುತ್ತದೆ.

ಬೇರುಸಹಿತ

ಹಾಗಾದರೆ ಅದು ಮೊದಲ ಕೆಲಸ. ಇಂಪ್ಲಾಂಟ್ ತೆಗೆದ ವಾರದಲ್ಲೇ 37ರ ಮರುಚಿಕಿತ್ಸೆ ಶುರು ಮಾಡಿ. ಹಳೆಯ ಫಿಲ್ಲಿಂಗ್ ಪೂರ್ತಿ ತೆಗೆದು ತಳದಲ್ಲಿ ಬಿರುಕಿದೆಯಾ ಅಂತ ಮೆಥಿಲೀನ್ ಬ್ಲೂ ಹಚ್ಚಿ ನೋಡಿ. ಮುಂಭಾಗದ ಬೇರಿನಲ್ಲಿ ಬಿಟ್ಟುಹೋದ ಕಾಲುವೆ ಇದೆಯಾ ನೋಡಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎರಡು ವಾರ, ಆಮೇಲೆ ತುಂಬಿ, ಕೋರ್ ಕಟ್ಟಿ, ತಾತ್ಕಾಲಿಕ ಕ್ಯಾಪ್ ಆದರೂ ಹಾಕಿ. ಕಲೆ ಪೂರ್ತಿ ಮಾಯವಾಗಲು ವರ್ಷವೇ ಹಿಡಿಯಬಹುದು, ಅಲ್ಲಿಯವರೆಗೆ ಕಾಯಬೇಕಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಕುಗ್ಗುತ್ತಿದೆ, ತಟ್ಟಿದರೆ ನೋವಿಲ್ಲ ಅಂತಾದರೆ 36ಕ್ಕೆ ಮುಂದುವರಿಯಬಹುದು. ಬೆಳೆಯುತ್ತಿದ್ದರೆ ಬೇಡ.

ವಸಡಿನ ವಕೀಲೆ

ಗ್ರಾಫ್ಟ್ ವಿಷಯಕ್ಕೆ ಬರ್ತೀನಿ. ಗೋಡೆ ನಾಲ್ಕೂ ಇದ್ದರೆ ಏನೂ ತುಂಬಬೇಡಿ. 5 ಮಿ.ಮೀ. ಅಗಲದ ಗುಂಡಿ ತನ್ನಷ್ಟಕ್ಕೇ ತುಂಬಿಕೊಳ್ಳುತ್ತದೆ. ಪಕ್ಕದಲ್ಲೇ ಸೋಂಕಿರುವ ಹಲ್ಲು ಇಟ್ಟುಕೊಂಡು ಪುಡಿ ತುಂಬುವುದಂತೂ ದುಡ್ಡು ಚೆಲ್ಲಿದ ಹಾಗೆ. ಕೆನ್ನೆ ಕಡೆಯ ಗೋಡೆ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಮಾತ್ರ ಮೂಳೆ ಕಟ್ಟುವ ಯೋಚನೆ, ಅದೂ ವಸಡು ಕೂಡಿಕೊಂಡ ಮೇಲೆ, ಅಂದರೆ ಆರೆಂಟು ವಾರ ಬಿಟ್ಟು. ಆಗ ಗುಂಡಿಯ ಬಾಯಿ ಮುಚ್ಚಲು ಫ್ಲಾಪ್ (ಬಿಡಿಸಿದ ವಸಡಿನ ಪದರ) ಸಿಗುತ್ತದೆ. ತೆಗೆದ ದಿನ ತೂತಿನ ಮೇಲೆ ಎಳೆದು ಮುಚ್ಚಲು ಹೋದರೆ ಹೊಲಿಗೆ ಬಿಚ್ಚಿಕೊಂಡು ಗ್ರಾಫ್ಟ್ ಮೇಲೆ ಹೊದಿಸಿದ ಮೆಂಬ್ರೇನ್ ಹೊರಗೆ ಬರುತ್ತದೆ.

ಆ ಸಂದರ್ಭ ಬಂದರೆ 0.25ರಿಂದ 1 ಮಿ.ಮೀ. ಕಣದ ಗ್ರಾಫ್ಟ್ ಅರ್ಧ ಗ್ರಾಂ ಒಂದು ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ ಸಾಕು. ಕೊಲ್ಲಾಜನ್ ಮೆಂಬ್ರೇನ್ ಗುಂಡಿಯ ಅಂಚಿನಾಚೆ ಎಲ್ಲ ಕಡೆ 2–3 ಮಿ.ಮೀ. ಹರಡಿರಲಿ. ಫ್ಲಾಪ್ ಸಡಿಲಿಸಲು ಒಳಪದರವನ್ನು ಗೀರುವಾಗ 35ರ ಹತ್ತಿರ ಜಾಗ್ರತೆ, ತುಟಿ, ಗದ್ದಕ್ಕೆ ಹೋಗುವ ಮೆಂಟಲ್ ನರ ಅಲ್ಲೇ ಹೊರಬರುತ್ತದೆ. ಗ್ರಾಫ್ಟ್ ಹಾಕಿದರೆ ನಾಲ್ಕರಿಂದ ಆರು ತಿಂಗಳು, ಹಾಕದಿದ್ದರೆ ಮೂರರಿಂದ ನಾಲ್ಕು ಕಾಯಿರಿ.

ಹೇಳಲೇಬೇಕಾದ ಒಂದು ಮಾತು. ಮಾರುಕಟ್ಟೆಯಲ್ಲಿ ಹೆಚ್ಚು ಓಡುವ ಗ್ರಾಫ್ಟ್ ದನದ ಮೂಳೆಯದ್ದು, ಮೆಂಬ್ರೇನ್ ಹಲವು ಹಂದಿ ಅಥವಾ ದನದ್ದು. ರೋಗಿಗೆ ಮೊದಲೇ ಬಾಯಿಬಿಟ್ಟು ಹೇಳಿ, ಒಪ್ಪಿಗೆ ಪತ್ರದಲ್ಲಿ ಬರೆಸಿ. ಬೇಡ ಅಂದರೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕಿನ ಮನುಷ್ಯ ಮೂಳೆಯ ಪುಡಿ ಇದೆ, ಪೂರ್ತಿ ಸಿಂಥೆಟಿಕ್ ಕೂಡ ಇದೆ, ಗದ್ದದ ಪಕ್ಕದಿಂದ ಅವರದೇ ಮೂಳೆ ಕೆರೆದು ತೆಗೆಯಲೂಬಹುದು. ಪಿಆರ್‌ಎಫ್ (ರೋಗಿಯ ರಕ್ತದಿಂದಲೇ ಮಾಡುವ ಫೈಬ್ರಿನ್ ಹೆಪ್ಪು) ಒಂದೇ ಸಾಕಲ್ವಾ ಅಂತ ಕೇಳುವವರಿಗೆ: ವಸಡು ಬೇಗ ಕೂಡಲು ಸಹಾಯ, ಆದರೆ ಕುಸಿದ ಗೋಡೆಯ ಜಾಗ ಹಿಡಿದು ನಿಲ್ಲುವ ಶಕ್ತಿ ಅದಕ್ಕಿಲ್ಲ.

ಕಾಯುವ ಮೂರು ತಿಂಗಳು ಸುಮ್ಮನೆ ಹೋಗುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಇವತ್ತು ಔಷಧಿ ಬದಲಿಸಿದರೆ ಎಚ್‌ಬಿಎ1ಸಿಯಲ್ಲಿ ಪೂರ್ತಿ ಕಾಣುವುದು ಮೂರು ತಿಂಗಳಿಗೇ. 7ರ ಆಸುಪಾಸಿಗೆ ಬರದೆ ಡ್ರಿಲ್ ಎತ್ತಬೇಡಿ. 8.4 ಯಾಕೆ ಏರಿತು ಅಂತ ಅವರ ಫಿಸಿಶಿಯನ್ ನೋಡಲಿ, ಬಾಯಿಯ ಸೋಂಕೇ ಒಂದು ಪಾಲು ಇರಬಹುದು. ಬೀಡಿ ಕನಿಷ್ಠ ಒಂದು ವಾರ ಮೊದಲು ಬಿಟ್ಟು ಆಮೇಲೆ ಎಂಟು ವಾರ ಮುಟ್ಟಬಾರದು. ಎಲೆಅಡಿಕೆ, ಗುಟ್ಕಾ ಇದೆಯಾ ಕೇಳಿ, ಬಾಯಿ ಎಷ್ಟು ತೆರೆಯುತ್ತದೆ ಅಳೆಯಿರಿ. ದವಡೆಹಲ್ಲಿನ ಜಾಗಕ್ಕೆ ಹ್ಯಾಂಡ್‌ಪೀಸ್ ಡ್ರಿಲ್ ಸಮೇತ ನೆಟ್ಟಗೆ ಇಳಿಯಲು 35–40 ಮಿ.ಮೀ. ಬೇಕು, ಇಲ್ಲದಿದ್ದರೆ ಡ್ರಿಲ್ ಓರೆಯಾಗಿ ಹೋಗುತ್ತದೆ. ಇನ್ನೊಂದು, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಇಂಜೆಕ್ಷನ್ ಏನಾದರೂ ತಗೊಂಡಿದ್ದಾರಾ ಅಂತ ಪ್ರತ್ಯೇಕವಾಗಿ ಕೇಳಿ. ಮಾತ್ರೆ ಪಟ್ಟಿಯಲ್ಲಿ ಅದು ಇರುವುದಿಲ್ಲ, ಜನ ಹೇಳುವುದೂ ಇಲ್ಲ.

ಕ್ಯಾಪ್ ಬ್ರಿಜ್

ಮನೆಯವರು ಬ್ರಿಜ್ ಕೇಳುತ್ತಿದ್ದಾರೆ ಅಂದಿರಿ. ನಾನು ತಳ್ಳಿಹಾಕುವುದಿಲ್ಲ. 37ಕ್ಕೆ ಹೇಗಿದ್ದರೂ ಕ್ಯಾಪ್ ಬೇಕು, ಉಳಿದದ್ದು 35 ಒಂದೇ. ಆದರೆ ಒಂದು ತೂತಿಲ್ಲದ ಹಲ್ಲನ್ನು ಸುತ್ತಲೂ ಸವೆಸಿ, ಮರುಚಿಕಿತ್ಸೆಯ ಫಲ ಇನ್ನೂ ಗೊತ್ತಿಲ್ಲದ 37ರ ಮೇಲೆ ಮೂರು ಹಲ್ಲಿನ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 37 ಆರು ತಿಂಗಳಿಗೆ ಕೈಕೊಟ್ಟರೆ ಬ್ರಿಜ್ಜೂ ಹೋಯಿತು, 35ರ ಎನಾಮೆಲ್ಲೂ ಹೋಯಿತು. ಶುಗರ್ ಇಳಿಯದಿದ್ದರೆ, ಬೀಡಿ ಬಿಡದಿದ್ದರೆ, ಮತ್ತು 37 ವಾಸಿಯಾದರೆ, ಆಗ ಬ್ರಿಜ್ ಮಾಡಿ. 37ರಲ್ಲಿ ಬಿರುಕು ಸಿಕ್ಕಿ ಕೀಳಬೇಕಾಗಿ ಬಂದರೆ ಲೆಕ್ಕ ಇನ್ನೊಂದು: 36ಕ್ಕೆ ಒಂದೇ ಇಂಪ್ಲಾಂಟ್ ಹಾಕಿ ಸಾಲು ಅಲ್ಲಿಗೆ ಮುಗಿಸಿದರೂ ಜಗಿಯಲು ಸಾಕು, ಎರಡು ಹಾಕಲೇಬೇಕೆಂದಿಲ್ಲ.

ರೋಗಿಗೆ ಒಂದು ವಿಷಯ ನೇರವಾಗಿ ಹೇಳಿ. ಮೊದಲ ಬಾರಿ ಹಾಕಿದ ಇಂಪ್ಲಾಂಟ್ ನೂರಕ್ಕೆ 95ರ ಮೇಲೆ ನಿಲ್ಲುತ್ತವೆ ಅಂತ ಹೇಳುತ್ತೇವಲ್ಲ, ಅದೇ ಜಾಗದಲ್ಲಿ ಎರಡನೇ ಸಲ ಅದು ಸರಿಸುಮಾರು 85–90ಕ್ಕೆ ಇಳಿಯುತ್ತದೆ, ಮೂರನೇ ಸಲ ಇನ್ನೂ ಕಡಿಮೆ. ಹಣದ ಲೆಕ್ಕ, ಕೆಟ್ಟರೆ ಯಾರು ಭರಿಸುವುದು, ಎಲ್ಲ ಮೊದಲೇ ಬರೆದುಕೊಳ್ಳಿ.

ಕಾಯುವಾಗ ಎದುರಿನ ಮೇಲಿನ ಹಲ್ಲು 26 ಕೆಳಗಿಳಿಯದಂತೆ, 37 ಮುಂದಕ್ಕೆ ವಾಲದಂತೆ ರಾತ್ರಿ ಹಾಕುವ ಪಾರದರ್ಶಕ ರಿಟೈನರ್ ಮಾಡಿಕೊಡಿ, 36ರ ಜಾಗದ ವಸಡಿಗೆ ಒತ್ತದಂತೆ ಒಳಭಾಗ ಸವೆಸಿ. ಮುಂದೆ ಹಲ್ಲು ಹಾಕುವಾಗ ಸ್ಕ್ರೂ ಹಿಡಿದ ಕ್ಯಾಪ್ ಇರಲಿ, ಸಿಮೆಂಟ್ ಬೇಡ. ಉಳಿದ ಸಿಮೆಂಟ್ ಆರ್‌ವಿಜಿಯಲ್ಲೂ ಎಷ್ಟೋ ಸಲ ಕಾಣದೆ ವಸಡಿನೊಳಗೆ ಕೂತು ಮೂಳೆ ತಿನ್ನುತ್ತದೆ. ಸ್ಕ್ರೂ ಬಿಗಿಸಿ, ಹತ್ತು ನಿಮಿಷ ಬಿಟ್ಟು ಅದೇ ಟಾರ್ಕಿಗೆ ಮತ್ತೊಮ್ಮೆ. ಎಷ್ಟು ಅನ್ನುವುದು ಕಂಪನಿಯ ಪುಸ್ತಕದಲ್ಲಿರುತ್ತದೆ, ಹೆಚ್ಚಿನವು 30–35 ನ್ಯೂಟನ್. ಮೆಲ್ಲಗೆ ಕಚ್ಚಿದಾಗ ಹಲ್ಲುಗಳ ನಡುವೆ ಇಟ್ಟ ತೆಳು ಶಿಮ್‌ಸ್ಟಾಕ್ ಹಾಳೆ ಜಾರಿ ಬರಬೇಕು, ಗಟ್ಟಿ ಕಚ್ಚಿದಾಗ ಮಾತ್ರ ಹಿಡಿಯಬೇಕು.

ಕಲ್ಲುಕೋಟೆ

ತುಂಬಾ ಉಪಕಾರ. ತೆಗೆಯುವುದು, 37, ಶುಗರ್, ಈ ಕ್ರಮದಲ್ಲೇ ಹೋಗುತ್ತೇನೆ. ಎರಡು ಕೇಳಬೇಕಿತ್ತು. ಎರಡನೇ ಸಲ ಬೇರೆ ಕಂಪನಿಯ ಇಂಪ್ಲಾಂಟ್ ಹಾಕಬೇಕಾ, ಟೈಟಾನಿಯಂ ಅಲರ್ಜಿ ಅಂತ ರೋಗಿ ಎಲ್ಲೋ ಓದಿಕೊಂಡು ಬಂದಿದ್ದಾರೆ. ಮತ್ತೆ ತೆಗೆದ ಫಿಕ್ಸ್‌ಚರ್ ಏನು ಮಾಡಲಿ?

ಚಿಮಟ

37ನ್ನು ನಾನು ಗಮನಿಸಿರಲಿಲ್ಲ, ಬೇರುಸಹಿತರ ಮಾತಿಗೆ ಸಹಿ. ಆದರೂ 55 ನ್ಯೂಟನ್‌ನನ್ನು ಬಿಟ್ಟುಕೊಡುವುದಿಲ್ಲ, ಎರಡೂ ಸೇರಿಯೇ ಕೆಡಿಸಿರಬಹುದು.

ಟೈಟಾನಿಯಂ ಅಲರ್ಜಿ ತೀರಾ ಅಪರೂಪ. ಇಷ್ಟು ಕಾರಣ ಕಣ್ಣೆದುರಿಗಿರುವಾಗ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಪೆನಿಸಿಲಿನ್ ಅಲರ್ಜಿ ಇದೆಯಾ ಅನ್ನುವುದನ್ನು ಮಾತ್ರ ಸರಿಯಾಗಿ ಕೇಳಿ, ಆ ಅಲರ್ಜಿ ಹೇಳಿ ಕ್ಲಿಂಡಾಮೈಸಿನ್ ತಗೊಂಡವರಲ್ಲಿ ಇಂಪ್ಲಾಂಟ್ ಕೆಡುವುದು ಹೆಚ್ಚು ಕಂಡಿದೆ. ಅಲರ್ಜಿ ಇಲ್ಲವಾದರೆ ಎರಡನೇ ಸಲ ಹಾಕುವ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ. ಕಂಪನಿ ಬದಲಿಸುವುದರಿಂದ ಏನೂ ಆಗುವುದಿಲ್ಲ, ಡ್ರಿಲ್ಲಿಂಗ್ ಬದಲಿಸಬೇಕು.

ಹತ್ತು ಹನ್ನೆರಡು ವಾರಕ್ಕೆ 5 × 5 ಸೆಂ.ಮೀ. ಚಿಕ್ಕ ಸಿಬಿಸಿಟಿ ತೆಗೆಯಿರಿ, ಲೋಹ ಇಲ್ಲದ್ದರಿಂದ ಈಗ ಗೋಡೆ ಸ್ಪಷ್ಟ ಕಾಣುತ್ತದೆ. ನಾಲಿಗೆ ಕಡೆಯ ಒಳತಗ್ಗು ಎಷ್ಟಿದೆ ನೋಡಿ, ಅಲ್ಲಿ ಡ್ರಿಲ್ ಹೊರಬಿದ್ದರೆ ಬಾಯಿತಳದಲ್ಲಿ ರಕ್ತಸ್ರಾವ. ನನ್ನ ಆಯ್ಕೆ 4.8 × 10 ಆಸುಪಾಸು, ಉದ್ದ ಬೇಕಿಲ್ಲ. ಹೊಸ ಡ್ರಿಲ್, ಫ್ರಿಜ್ಜಿನಲ್ಲಿಟ್ಟ ಸಲೈನ್, ಮೊದಲ ಪೈಲಟ್ ಡ್ರಿಲ್ ನಿಮಿಷಕ್ಕೆ 1,000 ಸುತ್ತಿನ ಆಸುಪಾಸು, ದಪ್ಪ ಡ್ರಿಲ್ಲಿಗೆ ಅದಕ್ಕಿಂತ ಕಡಿಮೆ, ಎರಡು ಸೆಕೆಂಡ್ ಒಳಗೆ ಒಂದು ಸೆಕೆಂಡ್ ಹೊರಗೆ. ಗಟ್ಟಿ ಮೂಳೆಯ ಡ್ರಿಲ್ ಮತ್ತು ಟ್ಯಾಪ್ (ಮೂಳೆಯಲ್ಲಿ ಸ್ಕ್ರೂ ಎಳೆ ಕೊರೆಯುವುದು) ಎರಡನ್ನೂ ಬಿಡಬೇಡಿ. ಕೂರಿಸುವಾಗ 45 ನ್ಯೂಟನ್ ದಾಟುತ್ತಿದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ತೆಗೆದು ಟ್ಯಾಪ್ ಹಾಕಿ, 35 ನ್ಯೂಟನ್ ಆಸುಪಾಸಿನಲ್ಲಿ ಮುಗಿಸಿ. ಐಎಸ್‌ಕ್ಯೂ (ಇಂಪ್ಲಾಂಟ್ ಎಷ್ಟು ಗಟ್ಟಿ ಕೂತಿದೆ ಎಂಬ ಅಳತೆ) 70 ಬಂದರೂ ಈ ಸಲ ಆಸೆಬುರುಕತನ ಬೇಡ, ಕವರ್ ಸ್ಕ್ರೂ ಹಾಕಿ ಮುಚ್ಚಿ ನಾಲ್ಕು ತಿಂಗಳು ಬಿಡಿ.

ಫಿಕ್ಸ್‌ಚರ್ ಬಿಸಾಡಬೇಡಿ. ತೊಳೆದು, ಆಟೋಕ್ಲೇವ್ ಮಾಡಿ, ಪೌಚಿನ ಮೇಲೆ ಲಾಟ್ ನಂಬರ್, ಹಾಕಿದ ದಿನ, ತೆಗೆದ ದಿನ ಬರೆದಿಡಿ. ವಾರಂಟಿ ಕೊಡುವ ಕಂಪನಿಗಳು ಇದರ ಜೊತೆ ಹಾಕಿದಾಗಿನ, ತೆಗೆಯುವ ಮುಂಚಿನ ಎಕ್ಸ್‌ರೇ ಕೇಳುತ್ತವೆ, ಹಾಕಿದ ಡಾಕ್ಟ್ರ ಹೆಸರಲ್ಲೇ ಅರ್ಜಿ ಹೋಗಬೇಕಾಗುತ್ತದೆ, ಅವರಿಗೊಂದು ಫೋನ್ ಮಾಡಿ. ಡ್ರೈವರ್ ಕೂರುವ ಜಾಗದಲ್ಲಿ ಬಿರುಕು, ಎಳೆಗಳಲ್ಲಿ ದೋಷ ಏನಾದರೂ ಕಂಡರೆ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ, ವೈದ್ಯಕೀಯ ಸಾಧನಗಳ ತೊಂದರೆ ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮದ ಫಾರಂ ತುಂಬಿ ಕಳಿಸಿ. ಸ್ಟಿಕ್ಕರಿನ ಒಂದು ಪ್ರತಿ ರೋಗಿಯ ಫೈಲಿನಲ್ಲೂ ಇರಲಿ.